ಮರುಭೂಮಿಯಲ್ಲಿ ಕೋಳಿಯ ಸಂಸಾರ

ಮನೆಯ ಹಿತ್ತಿಲಲ್ಲಿ ನಾಲ್ಕಾರು ಕೋಳಿಗಳನ್ನು ಸಾಕಿಕೊಳ್ಳುವುದು ನಮ್ಮ ನಾಡಿನ ಅನೇಕ ಮನೆಗಳಲ್ಲಿ ಹಿಂದಿನಿಂದಲೂ ನಡೆದುಬಂದಿರುವ ಪದ್ಧತಿ. ಅದಕ್ಕಾಗಿ ಯಾರೂ ಗ್ರಂಥಗಳನ್ನು ಓದಿದವರಲ್ಲ. ಚೆಲ್ಲಿದ ಕಾಳನ್ನೂ ತಿಪ್ಪೆಯ ಹುಳುವನ್ನೂ ಹೆಕ್ಕಿ ಹೊಟ್ಟೆ ತುಂಬಿಸಿಕೊಂಡು, ಬಿಸಿಲೇರಿದಾಗ ಬೇಲಿಯ ಬುಡದಲ್ಲಿ ಒರಗಿ, ಸಂಜೆ ತಾನಾಗಿಯೇ ಗೂಡು ಸೇರುವ ಈ ಪ್ರಾಣಿಗಾಗಿ ಗೃಹಿಣಿಯು ಹೆಚ್ಚೇನೂ ಶ್ರಮಪಡಬೇಕಾಗಿರಲಿಲ್ಲ. ಆದುದರಿಂದಲೇ ಕೋಳಿಯೆಂದರೆ ಎಲ್ಲಿ ಬಿಟ್ಟರೂ ಬದುಕಿಕೊಳ್ಳುವ ಜೀವವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆಯು ಎಲ್ಲ ಸೀಮೆಗಳಿಗೂ ಸಲ್ಲತಕ್ಕದ್ದಲ್ಲವೆಂಬುದನ್ನು ಈ ತಿಂಗಳು ವಾಚಕರ ಗಮನಕ್ಕೆ ತರಬೇಕೆಂದಿದ್ದೇವೆ.

ಅಮೆರಿಕ ಸಂಯುಕ್ತ ಸಂಸ್ಥಾನಗಳ ನೈಋತ್ಯ ಭಾಗದಲ್ಲಿ ಅರಿಜೋನಾ ಎಂಬ ಸಂಸ್ಥಾನವಿದೆ. ಅದರ ರಾಜಧಾನಿಯಾದ ಫೀನಿಕ್ಸ್, ಸೊನೋರನ್ ಮರುಭೂಮಿಯ ನಡುವೆ ಬೆಳೆದ ದೊಡ್ಡ ನಗರ. ಉದ್ಯೋಗದ ನಿಮಿತ್ತ ನಮ್ಮ ನಾಡಿನಿಂದ ಹೋಗಿ ನೆಲೆಸಿರುವ ಕುಟುಂಬಗಳೂ ಅಲ್ಲಿ ಉಂಟು. ೨೦೨೪ರಲ್ಲಿ ಆ ಸಂಸ್ಥಾನದಲ್ಲಿ ಒಂದು ಕಾಯಿದೆಯಾಯಿತು. ಅರ್ಧ ಎಕರೆಗೆ ಮೀರದ ನಿವೇಶನದಲ್ಲಿ ಒಂಟಿ ಮನೆಯುಳ್ಳವರು ಆರು ಕೋಳಿಗಳವರೆಗೆ ಸಾಕಿಕೊಳ್ಳುವುದನ್ನು ಊರಾಡಳಿತಗಳು ನಿಷೇಧಿಸಕೂಡದೆಂದು ಅದು ವಿಧಿಸಿತು. ಆದರೆ ಹುಂಜವನ್ನು ಬೇಡವೆನ್ನುವ ಅಧಿಕಾರವನ್ನು ಅವುಗಳಿಗೆ ಬಿಟ್ಟಿತು. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದೆಂದು ನಂಬಿದ್ದ ನಮ್ಮ ಗಾದೆಯ ಅಜ್ಜಿಯು ಅಲ್ಲಿ ಬೇರೊಂದು ಉಪಾಯ ಹುಡುಕಬೇಕಾದೀತು! ಹಾಸ್ಯವಿರಲಿ. ಕಾಯಿದೆಯು ಕೊಟ್ಟುದು ಅನುಮತಿ ಮಾತ್ರ. ಹವೆಯು ಆ ಅನುಮತಿಯನ್ನು ಕೊಡುವುದೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ.

ಆ ಊರಿನ ಹವೆ ಎಂಥದೆಂಬುದನ್ನು ಮೊದಲು ನೋಡೋಣ. ವರ್ಷಕ್ಕೆ ಬೀಳುವ ಮಳೆ ಸುಮಾರು ೭ ಅಂಗುಲ. ೧೯೯೦ರ ಜೂನ್ ೨೬ರಂದು ಉಷ್ಣಮಾನವು ೫೦ ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿತು. ೨೦೨೩ರಲ್ಲಿ ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ ಎಡೆಬಿಡದೆ ೩೧ ದಿನ ಅದು ೪೩ ಡಿಗ್ರಿಯನ್ನು ಮೀರಿತು. ಅದೇ ಜುಲೈ ೧೯ರ ರಾತ್ರಿ ಉಷ್ಣವು ೩೬ ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಹಗಲೆಲ್ಲ ಕಾದ ಗೋಡೆಗಳೂ ಡಾಮರಿನ ಬೀದಿಗಳೂ ಇರುಳೆಲ್ಲ ಕಾವನ್ನು ಹೊರಚೆಲ್ಲುತ್ತಿರುವುದೇ ಇದಕ್ಕೆ ದೊಡ್ಡ ಕಾರಣ. ಮರುಭೂಮಿಯೆಂದರೆ ಹಗಲು ಸುಡುವುದು, ರಾತ್ರಿ ತಣಿಯುವುದು ಎಂಬ ಮಾತು ಬಯಲಿಗೆ ಸಲ್ಲುವಷ್ಟು ನಗರಕ್ಕೆ ಸಲ್ಲುವುದಿಲ್ಲ. ಹಗಲಿನ ಬಳಲಿಕೆಯನ್ನು ರಾತ್ರಿ ಕಳೆದುಕೊಳ್ಳಬೇಕಾದ ಪ್ರಾಣಿಗೆ ಇಂಥ ರಾತ್ರಿಯು ಹಗಲಿಗಿಂತಲೂ ಕ್ರೂರವಾದುದು.

ಇನ್ನು ಕೋಳಿಯ ಶರೀರಧರ್ಮ. ನಾವು ಸಾಕುವ ಕೋಳಿಯ ಮೂಲಪುರುಷನು ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿ. ಮರಗಳ ದಟ್ಟನೆರಳಿನಲ್ಲಿ ತರಗೆಲೆಯನ್ನು ಕೆದಕಿ ಬಾಳುತ್ತಿದ್ದ ಹಕ್ಕಿ ಅದು. ಕೋಳಿಯ ಮೈಯ ಸಹಜವಾದ ಉಷ್ಣವೇ ೪೧ರಿಂದ ೪೨ ಡಿಗ್ರಿ. ಅದಕ್ಕೆ ಬೆವರಿನ ಗ್ರಂಥಿಗಳಿಲ್ಲ. ಮೈತುಂಬ ಗರಿಯ ಕಂಬಳಿಯುಂಟು. ಸೆಕೆಯಾದಾಗ ರಕ್ತವನ್ನು ಜುಟ್ಟಿಗೂ ಗದ್ದದ ತೊಗಲಿಗೂ ಕಾಲುಗಳಿಗೂ ಹರಿಸಿ ಕಾವನ್ನು ಹೊರಗೆ ಬಿಡುವುದು, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿಯುವುದು, ಕೊನೆಗೆ ಕೊಕ್ಕು ತೆರೆದು ಏದುವುದು, ಇಷ್ಟೇ ಅದರ ಉಪಾಯಗಳು. ಸುಮಾರು ೩೦ ಡಿಗ್ರಿಯಲ್ಲಿ ಏದುವುದು ಆರಂಭವಾಗುತ್ತದೆ. ೩೮ ಡಿಗ್ರಿಯನ್ನು ಮೀರಿದರೆ ಪ್ರಾಣಾಪಾಯ ಸಮೀಪಿಸುತ್ತದೆ.

ಈ ಏದುವಿಕೆಗೂ ಮೊಟ್ಟೆಗೂ ಇರುವ ಸಂಬಂಧವನ್ನು ಗೃಹಿಣಿಯರು ಅರಿತಿರಬೇಕು. ಹಕ್ಕಿಯು ಒಂದೇ ಸಮನೆ ಏದಿದಾಗ ಅದರ ರಕ್ತದಲ್ಲಿರುವ ಇಂಗಾಲಾಮ್ಲವಾಯುವು ಅತಿಯಾಗಿ ಹೊರಬೀಳುತ್ತದೆ. ಮೊಟ್ಟೆಯ ಚಿಪ್ಪು ಸುಣ್ಣದ ಕಾರ್ಬೊನೇಟು. ಅದನ್ನು ಕಟ್ಟಲು ಬೇಕಾದ ಸಾಮಗ್ರಿಯೇ ರಕ್ತದಲ್ಲಿ ಕಡಿಮೆಯಾದಾಗ ಚಿಪ್ಪು ತೆಳುವಾಗುತ್ತದೆ. ಆದುದರಿಂದ ಬೇಸಿಗೆಯಲ್ಲಿ ಮುಟ್ಟಿದರೆ ಒಡೆಯುವಂಥ ಮೊಟ್ಟೆಗಳು ಕಂಡಾಗ, ಆಹಾರದಲ್ಲಿ ಸುಣ್ಣ ಸಾಲದೆಂದು ಮಾತ್ರ ಎಣಿಸಬಾರದು. ಹೇಂಟೆಯು ತನ್ನ ಸಂಕಟವನ್ನು ಮೊಟ್ಟೆಯ ಮೇಲೆ ಬರೆದು ಕಳುಹಿಸಿದೆಯೆಂದು ತಿಳಿಯಬೇಕು.

ಇಷ್ಟನ್ನು ತಿಳಿದ ಮೇಲೆ ನಾವು ಹೇಳಬೇಕಾದ ಮುಖ್ಯವಾದ ಮಾತು ಒಂದೇ. ಮರುಭೂಮಿಯಲ್ಲಿ ಕೋಳಿ ಸಾಕುವವರು ಕೋಳಿಯಿಂದ ಆರಂಭಿಸಬಾರದು, ನೆರಳಿನಿಂದ ಆರಂಭಿಸಬೇಕು. ಮತ್ತು ಎಲ್ಲ ಲೆಕ್ಕವನ್ನೂ ವರ್ಷದ ಸರಾಸರಿ ದಿನಕ್ಕೆ ಹಾಕದೆ, ವರ್ಷದ ಅತ್ಯಂತ ಕೆಟ್ಟ ದಿನದ ಮಧ್ಯಾಹ್ನ ನಾಲ್ಕು ಗಂಟೆಗೆ ಹಾಕಬೇಕು. ಅಕ್ಟೋಬರಿನಿಂದ ಏಪ್ರಿಲಿನವರೆಗೆ ಫೀನಿಕ್ಸಿನ ಹವೆ ಬಹುಮಟ್ಟಿಗೆ ಹಿತವಾಗಿರುತ್ತದೆ. ಆಗ ಮರಿಗಳನ್ನು ತಂದು ಆನಂದಪಡುವುದು ಸುಲಭ. ಆ ಮರಿಗಳು ಬೆಳೆದು ಎದುರಿಸಬೇಕಾದುದು ಜುಲೈ ತಿಂಗಳನ್ನು. ಆದುದರಿಂದ ಕೋಳಿಯಿಲ್ಲದೆಯೇ ಒಂದು ಬೇಸಿಗೆಯನ್ನು ಪರೀಕ್ಷೆಗೆಂದು ಬಿಡುವುದು ಒಳ್ಳೆಯದು. ಗೂಡು ಬರಬೇಕಾದ ಜಾಗದಲ್ಲಿ, ಹಕ್ಕಿಯ ಬೆನ್ನಿನ ಎತ್ತರಕ್ಕೆ, ಒಂದು ಉಷ್ಣಮಾಪಕವನ್ನು ತೂಗುಹಾಕಿ, ಕಡುಬಿಸಿಲಿನ ದಿನಗಳಲ್ಲಿ ಅದನ್ನು ನೋಡುತ್ತಿರಬೇಕು. ನೆರಳಿನಿಂದಲೂ ನೀರಿನಿಂದಲೂ ಅಲ್ಲಿಯ ಉಷ್ಣವನ್ನು ೩೮ ಡಿಗ್ರಿಗಿಂತ ಕೆಳಗೆ ತರಲಾಗದಿದ್ದರೆ ಆ ಹಿತ್ತಿಲು ಕೋಳಿಗೆ ತಕ್ಕುದಲ್ಲವೆಂಬುದು ನಮ್ಮ ಅಭಿಪ್ರಾಯ.

ನೆರಳುಗಳಲ್ಲಿ ಮರದ ನೆರಳೇ ಶ್ರೇಷ್ಠ. ತಗಡಿನ ಮಾಡು ಬಿಸಿಲನ್ನು ತಡೆದರೂ ತಾನು ಕಾದು ಕೆಳಗಿದ್ದವರನ್ನು ಬೇಯಿಸುತ್ತದೆ. ಮರವಾದರೋ ಎಲೆಗಳಿಂದ ನೀರಿನ ಆವಿಯನ್ನು ಬಿಟ್ಟು ಸುತ್ತಣ ಗಾಳಿಯನ್ನೂ ತಂಪುಮಾಡುತ್ತದೆ. ಸೊನೋರನ್ ಸೀಮೆಯ ಮೆಸ್ಕೀಟ್ ಮರವು ಇದಕ್ಕೆ ಯೋಗ್ಯವಾದುದು. ಅದು ನಮ್ಮ ವಾಚಕರಿಗೆ ಪರಕೀಯವೇನಲ್ಲ. ನಮ್ಮ ಬಯಲುಸೀಮೆಯನ್ನೆಲ್ಲ ಆಕ್ರಮಿಸಿರುವ ಬಳ್ಳಾರಿ ಜಾಲಿಯ ಹತ್ತಿರದ ಬಂಧು. ಮರ ಬೆಳೆಯುವವರೆಗೆ ನೆರಳುಬಟ್ಟೆಯನ್ನು ಎತ್ತರದಲ್ಲಿ ಕಟ್ಟಬಹುದು. ಗೂಡಿನ ಉದ್ದವು ಪೂರ್ವಪಶ್ಚಿಮವಾಗಿದ್ದರೆ ಇಳಿಬಿಸಿಲು ಕಿರಿಯ ಗೋಡೆಗೆ ಮಾತ್ರ ತಾಗುತ್ತದೆ. ಮಾಡಿಗೆ ಬಿಳಿಯ ಬಣ್ಣ ಬಳಿದು, ಅದರ ಕೆಳಗೆ ಬಿಸಿಗಾಳಿ ಹೊರಹೋಗಲು ಎಡೆ ಬಿಡಬೇಕು. ಚಳಿಯ ದೇಶದವರ ಚಿತ್ರಗಳನ್ನು ನೋಡಿ ಹಲಗೆಯ ಮುಚ್ಚುಗೂಡನ್ನು ಕಟ್ಟುವುದು ಇಲ್ಲಿ ಕೋಳಿಗೆ ಒಲೆ ಕಟ್ಟಿದಂತೆ. ನಾಲ್ಕು ಕಡೆಯೂ ಅರ್ಧ ಅಂಗುಲದ ಗಟ್ಟಿಯಾದ ತಂತಿಬಲೆಯಿದ್ದರೆ ಗಾಳಿಯೂ ಆಡುವುದು. ಹೊಂಚುವ ಕೊಯೋಟೆ ತೋಳ, ಕಾಡುಬೆಕ್ಕು, ಗಿಡುಗ, ಹಾವುಗಳ ಭಯವೂ ತಪ್ಪುವುದು. ಬಲೆಯನ್ನು ನೆಲದೊಳಗೂ ಒಂದು ಅಡಿ ಇಳಿಸಬೇಕು, ತೋಳವು ಅಗೆಯಬಲ್ಲದು.

ನೆರಳಾದ ಮೇಲೆ ನೀರು. ಹಿತವಾದ ಹವೆಯಲ್ಲಿ ಒಂದು ಹೇಂಟೆಗೆ ದಿನಕ್ಕೆ ಕಾಲು ಲೀಟರ್ ನೀರು ಸಾಕಾದರೆ, ಕಡುಬೇಸಿಗೆಯಲ್ಲಿ ಅರ್ಧ ಲೀಟರಿಗೂ ಮೀರಿ ಬೇಕು. ಆದರೆ ನೀರು ಇದ್ದರೆ ಸಾಲದು, ತಂಪಾಗಿಯೂ ಇರಬೇಕು. ಬಿಸಿಯಾದ ನೀರನ್ನು ಕೋಳಿ ಕುಡಿಯಲೊಲ್ಲದು. ಬಿಸಿಲಿನಲ್ಲಿ ಬಿದ್ದಿರುವ ರಬ್ಬರು ಕೊಳವೆಯಿಂದ ಮೊದಲು ಬರುವ ನೀರು ಕೈಯನ್ನೇ ಸುಡುವಂತಿರುತ್ತದೆ. ಅದನ್ನು ಗಿಡಕ್ಕೂ ಬಿಡದೆ ಹೊರಚೆಲ್ಲಿ, ಆಮೇಲಿನ ನೀರನ್ನು ತುಂಬಬೇಕು. ಲೋಹದ ಪಾತ್ರೆಯನ್ನು ಬಿಟ್ಟು ಮಣ್ಣಿನ ಅಗಲವಾದ ಪಾತ್ರೆಗಳನ್ನು ನೆರಳಿನ ಎರಡು ಮೂರು ಕಡೆ ಇಡುವುದು ಮೇಲು. ಒಂದು ಮಗುಚಿದರೆ ಇನ್ನೊಂದಿರಬೇಕಲ್ಲವೇ? ಸೀಸೆಯಲ್ಲಿ ನೀರನ್ನು ಹೆಪ್ಪುಗಟ್ಟಿಸಿ ಮಧ್ಯಾಹ್ನ ಪಾತ್ರೆಯೊಳಗೆ ಇಡುವ ಪದ್ಧತಿಯೂ ಅಲ್ಲಿ ಉಂಟು. ಮರುಭೂಮಿಯಲ್ಲಿ ನೀರಿದ್ದೆಡೆಗೆ ಕಾಡುಹಕ್ಕಿಗಳು ಬಂದೇ ಬರುವುವು. ೨೦೨೨ರಿಂದ ಅಮೆರಿಕದಲ್ಲಿ ಹಕ್ಕಿಜ್ವರವು ಹಬ್ಬಿರುವುದರಿಂದ, ಅವು ಕುಡಿಯುವ ಪಾತ್ರೆಯಿಂದ ನಮ್ಮ ಕೋಳಿಗಳು ಕುಡಿಯದಂತೆ ನೀರನ್ನು ಬಲೆಯೊಳಗೇ ಇಡತಕ್ಕದ್ದು.

ನೀರಿನಿಂದ ಗಾಳಿಯನ್ನು ತಂಪುಮಾಡುವ ವಿಷಯದಲ್ಲಿ ಒಂದು ಸೂಕ್ಷ್ಮವುಂಟು. ಮೇ ಜೂನ್‌ಗಳಲ್ಲಿ ಅಲ್ಲಿಯ ಗಾಳಿ ಒಣಗಿ ಕಡ್ಡಿಯಾಗಿರುತ್ತದೆ. ಆಗ ಸಣ್ಣ ತುಂತುರನ್ನು ಸಿಂಪಡಿಸುವ ಕೊಳವೆಯಾಗಲಿ, ಒದ್ದೆಯ ಗೋಣಿಯ ಮೇಲೆ ಬೀಸುವ ಗಾಳಿಯಾಗಲಿ ಉಷ್ಣವನ್ನು ಬಹಳವಾಗಿ ಇಳಿಸುತ್ತದೆ. ಜುಲೈಯಲ್ಲಿ ಅಲ್ಲಿಯೂ ಮುಂಗಾರು ಕಾಲಿಡುತ್ತದೆ. ಗಾಳಿಯಲ್ಲಿ ತೇವವೇರಿ ಅದೇ ತುಂತುರಿನ ಗುಣ ಅರ್ಧಕ್ಕಿಳಿಯುತ್ತದೆ. ಹಕ್ಕಿಯ ಏದುವಿಕೆಗೂ ಇದೇ ನಿಯಮ. ಅದೂ ನೀರನ್ನು ಆವಿಯಾಗಿಸಿಯೇ ತಣಿಯಬೇಕಷ್ಟೆ. ಆದುದರಿಂದ ೪೫ ಡಿಗ್ರಿಯ ಒಣದಿನಕ್ಕಿಂತ ೪೧ ಡಿಗ್ರಿಯ ತೇವದ ದಿನ ಹೆಚ್ಚು ಅಪಾಯಕರವಾಗಬಹುದು. ಉಷ್ಣಮಾಪಕವನ್ನು ಮಾತ್ರ ನಂಬದೆ ಹಕ್ಕಿಯನ್ನೂ ನೋಡಬೇಕು. ತುಂತುರು ಬೀಳುವ ಜಾಗವು ಕೆಸರಾಗದಂತೆ ಮರಳು ಹಾಸಬೇಕು. ಕೆಸರು ಕಾಯಿಲೆಯ ತವರು.

ಮೇವಿನ ವಿಷಯ ಸಂಕ್ಷೇಪವಾಗಿ ಹೇಳುವೆವು. ಉಂಡುದನ್ನು ಅರಗಿಸುವಾಗಲೂ ಮೈಯಲ್ಲಿ ಕಾವು ಹುಟ್ಟುತ್ತದೆ. ಆದುದರಿಂದ ಬೆಳಕು ಹರಿಯುವ ಮುನ್ನವೂ ಸೂರ್ಯಾಸ್ತದ ಹೊತ್ತಿಗೂ ಮೇವು ಕೊಟ್ಟು, ನಡುಹಗಲಿನಲ್ಲಿ ಅದನ್ನು ತೆಗೆದಿಡುವುದು ಕ್ಷೇಮ. ಕಲ್ಲಂಗಡಿ, ಸೌತೆಕಾಯಿಗಳ ತುಂಡನ್ನು ಮಧ್ಯಾಹ್ನ ಕೊಡಬಹುದು. ಚಿಪ್ಪಿನ ನುಚ್ಚು ಬೇರೆ ಪಾತ್ರೆಯಲ್ಲಿ ಸದಾ ಇರಲಿ. ಜಾತಿಗಳಲ್ಲಿ ಕಾಲಿಗೂ ಗರಿಯುಳ್ಳ ಭಾರಿಯ ಕೊಚ್ಚಿನ್, ಬ್ರಹ್ಮ ಮೊದಲಾದುವುಗಳನ್ನು ಅವುಗಳ ಅಂದಕ್ಕೆ ಮರುಳಾಗಿ ತರಬಾರದು. ದೊಡ್ಡ ಜುಟ್ಟಿನ ಹಗುರವಾದ ಲೆಗ್‌ಹಾರ್ನ್, ಈಜಿಪ್ಟಿನ ಫಯೂಮಿ, ಕತ್ತಿನಲ್ಲಿ ಗರಿಯೇ ಇಲ್ಲದ ಬೋಳುಕತ್ತಿನ ಜಾತಿ, ಇವು ಸೆಕೆಯನ್ನು ಹೆಚ್ಚಾಗಿ ತಾಳಬಲ್ಲುವು. ಬೋಳುಕತ್ತಿನ ಕೋಳಿ ನೋಡಲು ಚೆಲುವೆಯಲ್ಲ, ಆದರೆ ಬದುಕುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಹೇಂಟೆಯು ಕಣ್ಣು ಮುಚ್ಚಿ, ರೆಕ್ಕೆ ಜೋತುಬಿದ್ದು, ಕರೆದರೂ ಏಳದೆ ಇರಬಹುದು. ಆಗ ತಡಮಾಡಲಾಗದು. ನೆರಳಿಗೆ ಒಯ್ದು, ಕಾಲೂ ಎದೆಯೂ ಮುಳುಗುವಷ್ಟು ತಂಪುನೀರಿನಲ್ಲಿ ನಿಲ್ಲಿಸಿ, ಗಾಳಿ ಬೀಸಿ, ಚೇತರಿಸಿಕೊಂಡ ಮೇಲೆ ಕುಡಿಯಗೊಡಬೇಕು. ಹಿಮದಂಥ ನೀರು ಬೇಡ, ತಲೆಯನ್ನು ಮುಳುಗಿಸಲೂಬಾರದು.

ಆದರೆ ಈ ಉಪಚಾರವನ್ನು ಮಾಡುವವರು ಯಾರು? ಮಧ್ಯಾಹ್ನ ನಾಲ್ಕು ಗಂಟೆಗೆ ಗಂಡಹೆಂಡಿರಿಬ್ಬರೂ ಕಚೇರಿಯಲ್ಲಿ, ಮಕ್ಕಳು ಶಾಲೆಯಲ್ಲಿ ಅಥವಾ ಆಟದ ಬಯಲಿನಲ್ಲಿ. ಬೇಸಿಗೆಯ ರಜೆಯಲ್ಲಿ ಸಂಸಾರವೆಲ್ಲ ಊರಿಗೆ ಹೊರಡುವುದೂ ಅದೇ ಜೂನ್ ಜುಲೈಗಳಲ್ಲಿ. ಧೂಳಿನ ಬಿರುಗಾಳಿಯೆದ್ದು ವಿದ್ಯುತ್ತು ನಿಂತರೆ ಪಂಖವೂ ನಿಲ್ಲುವುದು. ಯಂತ್ರವು ನಿಂತ ಒಂದು ಮಧ್ಯಾಹ್ನದಲ್ಲಿ ಹಿಂಡೆಲ್ಲ ನಾಶವಾಗಬಲ್ಲದು. ಆದುದರಿಂದ ಕೋಳಿಗಳ ಸಂಖ್ಯೆಯನ್ನು ಕಾಯಿದೆಯ ಆರರಿಂದ ನಿರ್ಣಯಿಸಕೂಡದು. ಯಂತ್ರವಿಲ್ಲದೆಯೂ ತಂಪಾಗಿರುವ ನೆರಳು ಎಷ್ಟಕ್ಕಿದೆಯೋ, ಆಪತ್ತಿನಲ್ಲಿ ಮನೆಯೊಳಗೆ ತಂದು ಬುಟ್ಟಿಯ ಕೆಳಗೆ ಕವುಚಲು ಎಷ್ಟಕ್ಕೆ ಸ್ಥಳವಿದೆಯೋ, ಅಷ್ಟೇ ನಮ್ಮ ಸಂಖ್ಯೆ. ಮೂರಾದರೆ ಮೂರು. ನಾವಿಲ್ಲದಾಗ ದಿನಕ್ಕೆರಡು ಸಲ ಬಂದು ನೋಡುವ ನೆರೆಯವರೊಬ್ಬರನ್ನು ಗೊತ್ತುಮಾಡಿಕೊಳ್ಳದೆ ಒಂದನ್ನೂ ತರಬಾರದು. ಇದಾವುದೂ ಆಗದೆಂದು ಕಂಡರೆ ಮೊಟ್ಟೆಯನ್ನು ಅಂಗಡಿಯಿಂದ ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ.

ನಮ್ಮ ಕಲಬುರಗಿ, ರಾಯಚೂರು, ಬಳ್ಳಾರಿಗಳು ಮರುಭೂಮಿಗಳಲ್ಲದಿದ್ದರೂ ಅಲ್ಲಿಯ ಏಪ್ರಿಲ್ ಮೇ ತಿಂಗಳುಗಳು ಕೋಳಿಯ ಪಾಲಿಗೆ ಸುಲಭದವೇನಲ್ಲ. ಬೇವಿನ ಮರವನ್ನು ಕಡಿದು ಅಂಗಳಕ್ಕೆ ಸಿಮೆಂಟು ಹಾಕಿಸಿ, ತಗಡಿನ ಗೂಡನ್ನು ತಂದಿಟ್ಟವರಿಗೆ ಮೇಲಿನ ಮಾತುಗಳೆಲ್ಲ ಅನ್ವಯಿಸುವುವು. ಹಿಂದಿನವರ ಕೋಳಿ ತಾನಾಗಿ ಬದುಕುತ್ತಿತ್ತೆಂದೆವಷ್ಟೆ? ನಿಜವಾಗಿ ಅದನ್ನು ಬದುಕಿಸುತ್ತಿದ್ದುದು ಬೇಲಿಯ ಬುಡದ ಆ ನೆರಳು, ತಿಪ್ಪೆಯ ಆ ತೇವ. ಬಿಸಿಲಿನ ದೇಶದಲ್ಲಿ ಅವೆರಡನ್ನೂ ಸಾಕುವವರೇ ಒದಗಿಸಬೇಕು. ಗೂಡಿನ ಬಾಗಿಲಿಗೆ ಅಗಳಿ ಹಾಕಿದ ಕ್ಷಣದಿಂದ, ನೆರಳನ್ನು ಹುಡುಕಿಕೊಂಡು ಹೋಗುವ ಸ್ವಾತಂತ್ರ್ಯವನ್ನು ಆ ಜೀವದಿಂದ ನಾವು ಕಿತ್ತುಕೊಂಡಿದ್ದೇವೆ. ಅದರ ಬದಲಿಗೆ ನೆರಳನ್ನೇ ಅದರ ಬಳಿಗೆ ತರುವುದು ಉಪಕಾರವಲ್ಲ, ಋಣ.