ತಹಸೀಲ್ದಾರರ ತರಬೇತಿ: ಹಾಜರಿ ಹಾಕಿದರೆ ಸಾಕೆ?

ರಾಮಸಮುದ್ರದಲ್ಲಿ ಬದುವಿನ ಜಗಳ ಜೋರಾಯಿತೆನ್ನಿ. ಪೊಲೀಸರು ವರದಿ ಹಾಕಿದರೆ ಎರಡೂ ಪಾರ್ಟಿಯವರು ಬಸ್ ಹತ್ತಿ ತಹಸೀಲ ಕಚೇರಿಗೆ ಹೋಗಬೇಕು. ಅಲ್ಲಿ ತಹಸೀಲ್ದಾರರೇ ತಾಲೂಕಾ ದಂಡಾಧಿಕಾರಿ. ಒಂದು ವರ್ಷದವರೆಗೆ ಶಾಂತಿಯಿಂದಿರುವ ಮುಚ್ಚಳಿಕೆ ಬರೆಸಿಕೊಳ್ಳಬಲ್ಲರು. ಕೊಡದಿದ್ದರೆ ಜೈಲು!

1974ರ ಏಪ್ರಿಲ್ 1ರಿಂದ ದಂಡಾಧಿಕಾರಿಗಳಲ್ಲಿ ಎರಡು ಬಗೆ. ಕೋರ್ಟಿನವರು ಕಾನೂನು ಓದಿ, ಪರೀಕ್ಷೆ ಪಾಸಾಗಿ, ಬೆಂಗಳೂರಿನ ನ್ಯಾಯಾಂಗ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಕಲಿತು ಬರುತ್ತಾರೆ. ತಹಸೀಲ್ದಾರರಿಗೆ ಕಾನೂನು ಪದವಿಯೇ ಬೇಕೆಂದಿಲ್ಲ. ಪಹಣಿ, ಬರಗಾಲ, ಚುನಾವಣೆ ಇವುಗಳ ನಡುವೆ ಇದೂ ಒಂದು ಕೆಲಸ.

2024ರ ಜುಲೈ 1ರಿಂದ ಹೊಸ ಸಂಹಿತೆ ಬಂತು. ಹಳೆಯ 107 ಈಗ 126, 144 ಈಗ 163. ನಂಬರು ಬಾಯಿಪಾಠಕ್ಕೆ ಒಂದು ದಿನದ ಕ್ಲಾಸು ಸಾಕು. ಆದರೆ ದೂರು ಏನೆಂಬುದನ್ನು ಆದೇಶದಲ್ಲಿ ಬರೆಯಲೇಬೇಕೆಂದು 130ನೇ ಕಲಮು ಹೇಳುತ್ತದೆ. ವಿಚಾರಣೆ ಆರು ತಿಂಗಳಲ್ಲಿ ಮುಗಿಯಬೇಕು, ಇಲ್ಲವೇ ವಿಶೇಷ ಕಾರಣ ಬರೆಯಬೇಕು. ಎರಡೂ ಆಗದಿದ್ದರೆ ಕೇಸೇ ಬಿದ್ದುಹೋಗುತ್ತದೆ. ತರಬೇತಿ ಬೇಕಾದದ್ದು ಇಂಥದ್ದಕ್ಕೆ.

ಪರೀಕ್ಷಿಸುವುದು ಹೇಗೆ? ಹಾಜರಿ ಪುಸ್ತಕ, 'ತರಬೇತಿ ಚೆನ್ನಾಗಿತ್ತು' ಎಂಬ ಫಾರಂ ನೋಡಿ ಅಲ್ಲ. ಆರು ತಿಂಗಳ ಮೇಲೆ ಆ ಸಾಹೇಬರ ಹತ್ತು ಫೈಲು ತೆಗೆಸಲಿ. ದೂರಿನ ಸಾರ ಬರೆದಿದ್ದಾರೋ, ಅಚ್ಚಾದ ನಮೂನೆಗೆ ಬರೀ ಹೆಸರು ತುಂಬಿದ್ದಾರೋ? ರೈತನ ಮಾತು ಕೇಳಿದ್ದಾರೋ? ಎಷ್ಟು ಸಲ ತಾರೀಖು ಮುಂದೆ ಹಾಕಿದ್ದಾರೆ? ಮುಚ್ಚಳಿಕೆ ಆದೇಶದ ಮೇಲೆ ಸೆಷನ್ಸ್ ಕೋರ್ಟಿಗೆ ಅಪೀಲು ಇದ್ದೇ ಇದೆ. ಅಲ್ಲಿ ರದ್ದಾದ ಆದೇಶಗಳನ್ನೇ ಮುಂದಿನ ಕ್ಲಾಸಿನಲ್ಲಿ ಓದಿಸಲಿ.