ಮೊದಲೇ ಕಂಡ ಬರ

‘ಉತ್ಪಾತ’ ಎಂಬ ಮಾತು ನಮ್ಮ ಹಳೆಯ ಕಾವ್ಯಗಳಲ್ಲಿ ಎರಡು ಅರ್ಥಗಳನ್ನು ಹೊತ್ತು ಬರುತ್ತದೆ. ಬಂದೆರಗುವ ಕೇಡೂ ಉತ್ಪಾತವೇ; ಆ ಕೇಡು ಬರಲಿದೆಯೆಂದು ಸಾರುವ ಸೂಚನೆಯೂ ಉತ್ಪಾತವೇ. ಭಾರತದ ಕಥೆಯಲ್ಲಿ ಯುದ್ಧಕ್ಕೆ ಮುನ್ನ ಉಲ್ಕೆಗಳು ಬೀಳುತ್ತವೆ, ನೆಲ ನಡುಗುತ್ತದೆ, ನರಿಗಳು ಊಳಿಡುತ್ತವೆ. ಇವನ್ನು ಕಾಣದವರಿಲ್ಲ, ಕಂಡದ್ದರ ಅರ್ಥವನ್ನು ಬಿಡಿಸಿ ಹೇಳುವ ಹಿರಿಯರೂ ಸಭೆಯಲ್ಲಿ ಇದ್ದೇ ಇದ್ದಾರೆ. ಆದರೂ ರಥಗಳು ಹೊರಟೇಬಿಡುತ್ತವೆ. ತರಗತಿಯಲ್ಲಿ ಇದನ್ನು ಕವಿಸಮಯವೆಂದು ಹೇಳಿ ಮುಂದಿನ ಪದ್ಯಕ್ಕೆ ಹೋಗುವುದು ನಮ್ಮಂಥ ಅಧ್ಯಾಪಕರ ರೂಢಿ. ಹಲಸಂಗಿಯ ಸುತ್ತಣ ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳಗಳ ನೂರೈವತ್ತು ವರ್ಷಗಳ ಕಥೆಯನ್ನು ಓದಿದವನಿಗೆ ಇದು ಬರಿಯ ಕವಿಸಮಯವೆಂದು ತೋರುವುದಿಲ್ಲ.

ಬಾಳಿನ ನಡೆಯನ್ನು ತಟ್ಟನೆ ಮುರಿಯುವ ಘಟನೆಗಳನ್ನು ಮುಂದಾಗಿ ಅರಿಯುವುದು, ಅರಿತು ಅವನ್ನು ನಿಭಾಯಿಸುವುದು, ಇಂದು ಒಂದು ದೊಡ್ಡ ಶಾಸ್ತ್ರವಾಗಿ ಬೆಳೆಯುತ್ತಿದೆ. ಹವಾಮಾನದವರು, ವೈದ್ಯರು, ಅರ್ಥಶಾಸ್ತ್ರಜ್ಞರು, ಕೆರೆಯ ಪಾಚಿಯನ್ನು ಅಭ್ಯಾಸ ಮಾಡುವ ಜೀವಶಾಸ್ತ್ರಜ್ಞರು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತರಿಸಿಕೊಂಡು ನೋಡುತ್ತಿದ್ದಾರೆ. ಮೂರ್ಛೆರೋಗ, ಷೇರುಪೇಟೆಯ ಕುಸಿತ, ನೆರೆ, ಮಹಾಮಾರಿ ಇವೆಲ್ಲವನ್ನೂ ಒಂದೇ ಹಾಸಿನ ಮೇಲೆ ಇಟ್ಟು ನೋಡುವ ಈ ಬಗೆ ಹೊಸದೆಂದು ಅನೇಕರು ತಿಳಿದಿದ್ದಾರೆ. ನಮ್ಮ ಕೌಟಿಲ್ಯನು ಬೆಂಕಿ, ನೀರು, ರೋಗ, ಬರ, ಇಲಿ, ಕ್ರೂರಮೃಗ, ಹಾವು, ರಕ್ಕಸ ಎಂಬ ಎಂಟು ಪೀಡೆಗಳನ್ನು ಒಂದೇ ಅಧ್ಯಾಯದಲ್ಲಿ ಕೂಡಿಸಿದ್ದಾನೆ. ಕನ್ನಡದಲ್ಲಿಯೂ ಸುಮಾರು 1300ರ ಹೊತ್ತಿಗೆ ಅರ್ಹದ್ದಾಸನೆಂಬ ಜೈನ ಕವಿ ‘ರಟ್ಟಮತ’ವನ್ನು ಬರೆದು ಮಳೆ, ಮಿಂಚು, ಭೂಕಂಪ, ಗ್ರಹಚಾರ, ಶಕುನಗಳನ್ನು ಒಟ್ಟಿಗೆ ವಿಚಾರಿಸಿದ. ಆತನ ಕಾರಣಗಳನ್ನು ಇಂದು ಯಾರೂ ಒಪ್ಪರು. ಹೊಲವನ್ನು ನಂಬಿದ ನಾಡಿಗೆ ಇಂಥದೊಂದು ಗ್ರಂಥ ಬೇಕಾಗಿತ್ತೆಂಬುದನ್ನು ಮಾತ್ರ ಅಲ್ಲಗಳೆಯಲಾಗದು. ಸಾಹಿತ್ಯ ಚರಿತ್ರೆಗಳಲ್ಲಿ ಅದಕ್ಕೆ ಸಿಕ್ಕಿರುವ ಜಾಗ ಎರಡು ಸಾಲಿನದು.

ಮುಂದರಿವೆಂದರೆ ಕೊನೆಗೆ ಏನು? ಕೇಡು ಬರುವ ಮುನ್ನ ನಮ್ಮ ಕೈಗೆ ಸಿಗುವ ವೇಳೆ, ಅಷ್ಟೇ. ಆ ವೇಳೆಯ ಅಳತೆಯಿಂದ ನೋಡಿದರೆ ನಮ್ಮ ಸೀಮೆಯ ಮೂರು ಉತ್ಪಾತಗಳು ಮೂರು ಜಾತಿಯವು.

ನೆಲನಡುಕಕ್ಕೆ ವೇಳೆಯೇ ಇಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿ ಜನ ಮಲಗಿದ್ದಾಗ, ಲಾತೂರಿನ ಕಿಲ್ಲಾರಿ ನೆಲಸಮವಾಯಿತು. ಸತ್ತವರು ಹತ್ತು ಸಾವಿರದಷ್ಟು. 2021 ಮತ್ತು 2022ರಲ್ಲಿ ನಮ್ಮ ಜಿಲ್ಲೆಯ ನೆಲವೂ ಮತ್ತೆ ಮತ್ತೆ ಗುಡುಗಿತು. 2022ರ ಜುಲೈ 9ರ ಬೆಳಗಿನ ಕಂಪನ 4.4ರ ಅಳತೆಯದು. ಚೀನದ ಹೈಚೆಂಗಿನಲ್ಲಿ 1975ರಲ್ಲಿ ಸಣ್ಣ ನಡುಕಗಳನ್ನು ನಂಬಿ ಜನರನ್ನು ಮನೆಗಳಿಂದ ಹೊರಡಿಸಿದರು, ಭೂಕಂಪ ಬಂದೇ ಬಂದಿತು. ಜಗತ್ತು ಬೆರಗಾಯಿತು. ಮರುವರ್ಷ ತಾಂಗ್‌ಶಾನಿನಲ್ಲಿ ಯಾವ ಸೂಚನೆಯೂ ಯಾರ ಕೈಗೂ ಹತ್ತದೆ, ಸರಕಾರಿ ಲೆಕ್ಕದಂತೆಯೇ ಎರಡು ಲಕ್ಷದ ನಲವತ್ತು ಸಾವಿರಕ್ಕೂ ಹೆಚ್ಚು ಜನ ಮಣ್ಣಾದರು. ಅಲ್ಲಿಂದ ಈಚೆಗೆ ಬಲ್ಲವರು ಭೂಕಂಪದ ದಿನ, ಗಳಿಗೆ ಹೇಳುವ ಗೋಜಿಗೆ ಹೋಗುವುದಿಲ್ಲ. ಗೋಡೆ ಗಟ್ಟಿ ಮಾಡಿಕೊಳ್ಳಿ ಎನ್ನುತ್ತಾರೆ. ಕಲ್ಲು ಮಣ್ಣಿನ ಗೋಡೆಗಳ ಮೇಲೆ ದಪ್ಪ ಮಾಳಿಗೆ ಹೊತ್ತ ನಮ್ಮೂರ ಮನೆಗಳನ್ನು ನೋಡಿದರೆ ಆ ಮಾತಿನ ಬೆಲೆ ತಿಳಿಯುತ್ತದೆ. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಅಂಥ ಗೋಡೆಗಳೇ.

ನೆರೆಗೆ ಒಂದೆರಡು ದಿನದ ವೇಳೆಯಿದೆ. 2020ರ ಅಕ್ಟೋಬರ್ 13ರಂದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕಾಕಿನಾಡದ ಬಳಿ ನೆಲವನ್ನು ಮುಟ್ಟಿ, ಹೈದರಾಬಾದನ್ನು ಮುಳುಗಿಸಿ, ಪಡುವಣಕ್ಕೆ ಸರಿದು ಸೊಲ್ಲಾಪುರದ ಮೇಲೆ ಸುರಿಯಿತು. ಆಗಲೇ ತುಂಬಿದ್ದ ಉಜನಿ ಜಲಾಶಯದ ಬಾಗಿಲುಗಳು ತೆರೆದವು. ಭೀಮೆ ಧೂಳಖೇಡದಿಂದ ಕೆಳಗೆ ಎರಡೂ ದಂಡೆಗಳನ್ನು ನುಂಗುತ್ತ ಅಫಜಲಪುರದ ಕಡೆಗೆ ಹರಿದಳು. ಕಬ್ಬು, ತೊಗರಿ ನೀರೊಳಗೆ ನಿಂತವು. ಜನರನ್ನು ಕರೆತರಲು ದೋಣಿಗಳು ಬರಬೇಕಾಯಿತು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಸೀನಾ, ಭೀಮೆಗಳು ಇದೇ ಕಥೆಯನ್ನು ಮತ್ತೆ ಹೇಳಿದವು. ಮಳೆಗಾಲದಲ್ಲಿ ಹೊಳೆದಂಡೆಯ ಊರುಗಳು ಎತ್ತರಕ್ಕೆ ಸರಿಯಬೇಕು, ಹಲಗೆ, ಬಿದಿರು, ದೋಣಿಗಳನ್ನು ಕೂಡಿಟ್ಟುಕೊಂಡಿರಬೇಕು ಎಂದು ಕೌಟಿಲ್ಯ ಹೇಳಿದ್ದಾನೆ. ಆ ದೋಣಿ ನೆರೆಯ ಮುಂಚೆ ಊರಲ್ಲಿರಬೇಕೋ, ನೆರೆ ಬಂದಮೇಲೆ ಊರಿಗೆ ಬರಬೇಕೋ ಎಂಬುದು ಇಂದಿಗೂ ಇತ್ಯರ್ಥವಾಗದ ಪ್ರಶ್ನೆ. ಆದರೂ ಈ ಒಂದೆರಡು ದಿನವನ್ನು ಹಿಡಿದುಕೊಳ್ಳಲು ಮನುಷ್ಯ ಕಲಿಯುತ್ತಿದ್ದಾನೆಂಬುದಕ್ಕೆ ಒಡಿಶಾದ ಕರಾವಳಿ ಸಾಕ್ಷಿ. 1999ರ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಹತ್ತು ಲಕ್ಷದಷ್ಟು ಜನರನ್ನು ಮೊದಲೇ ಸ್ಥಳಾಂತರಿಸಿದ್ದರು. ಸತ್ತವರ ಲೆಕ್ಕ ಐವತ್ತನ್ನು ದಾಟಲಿಲ್ಲ.

ಇನ್ನು ಬರ. ಅದು ತಿಂಗಳುಗಟ್ಟಲೆ ಮೊದಲು ಸುದ್ದಿ ಕಳುಹಿಸಿ, ಹಗಲುಬೆಳಕಿನಲ್ಲಿ, ಕಾಲ್ನಡಿಗೆಯಲ್ಲಿ ಬರುವ ಉತ್ಪಾತ. ಮೃಗಶಿರೆ, ಆರಿದ್ರೆ ಹೋದವೆಂದರೆ ಮುಂಗಾರಿ ಹೋಯಿತು. ಉತ್ತರಿಯೂ ಹಸ್ತೆಯೂ ಕೈಕೊಟ್ಟವೆಂದರೆ ಎರೆಯ ನೆಲದಲ್ಲಿ ಹಿಂಗಾರಿ ಬಿಳಿಜೋಳವಿಲ್ಲ. ಇದನ್ನು ತಿಳಿಯಲು ಉಪಗ್ರಹ ಬೇಡ. ಡೋಣಿಯ ಬಯಲು ಬೆಳೆದರೆ ನಾಡು ಉಂಡು ಮಿಗುವಷ್ಟು ಜೋಳ, ಬೆಳೆಯದಿದ್ದರೆ ಉಳಿಯುವವರಾರು ಎಂಬ ಹಳೆಯ ಎಣಿಕೆಯಲ್ಲಿ ಇಡಿಯ ಮುನ್ಸೂಚನೆಯೇ ಅಡಗಿದೆ. ವಿಚಿತ್ರವೆಂದರೆ, ಮೂರು ಉತ್ಪಾತಗಳಲ್ಲಿ ಹೆಚ್ಚು ವೇಳೆ ಕೊಡುವ ಇದೇ ನಮ್ಮ ಸೀಮೆಯಲ್ಲಿ ಹೆಚ್ಚು ಜನರನ್ನು ಕೊಂದಿದೆ. 1791–92ರದು ತಲೆಬುರುಡೆಗಳ ಬರವೆಂದೇ ಹೆಸರಾಯಿತು. 1876ರಲ್ಲಿ ಮಳೆ ಹೋದದ್ದು ಅಕ್ಟೋಬರಿನ ಹೊತ್ತಿಗೆ ಎಲ್ಲರ ಕಣ್ಣಿಗೂ ಕಂಡಿತ್ತು. ಜನ ಹಿಂಡುಹಿಂಡಾಗಿ ಸತ್ತದ್ದು 1877ರಲ್ಲಿ. ನಡುವೆ ಇದ್ದ ತಿಂಗಳುಗಳಲ್ಲಿ ಸರಕಾರ ಧಾನ್ಯದ ವ್ಯಾಪಾರದಲ್ಲಿ ಕೈಹಾಕಬಾರದೆಂಬ ತತ್ತ್ವವನ್ನು ಕಾಪಾಡಿಕೊಂಡಿತು. ರಿಚರ್ಡ್ ಟೆಂಪಲ್ಲನ ಸಲಹೆಯ ಮೇಲೆ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಕಾಳಿನ ಲೆಕ್ಕಕ್ಕೆ ಇಳಿಸಿತು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ, ಆಗ ಕಲಾದಗಿ ಜಿಲ್ಲೆಯೆಂದು ಕರೆಯುತ್ತಿದ್ದ ನಮ್ಮ ಜಿಲ್ಲೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಜನ ಕಡಿಮೆಯಾಗಿದ್ದರು.

ಆ ಬರದಿಂದ ಎರಡು ಸಂಗತಿಗಳು ಹುಟ್ಟಿದವು. ಒಂದು, ಮಳೆಯ ಮುನ್ಸೂಚನೆ. ಹೊಸದಾಗಿ ಸ್ಥಾಪನೆಯಾಗಿದ್ದ ಹವಾಮಾನ ಇಲಾಖೆಯ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮದ ಲೆಕ್ಕ ಹಿಡಿದು ಮುಂಗಾರಿನ ಭವಿಷ್ಯ ಹೇಳತೊಡಗಿದ. 1886ರಿಂದ ಅದು ಇಲಾಖೆಯ ಕಾಯಂ ಕೆಲಸವಾಯಿತು. ಅದು ಬೆಳೆದು ಇಂದು ಸಮುದ್ರದ ಕಾವು, ಗಾಳಿಯ ಒತ್ತಡ, ಮಹಾಗಣಕ ಯಂತ್ರಗಳವರೆಗೆ ಬಂದಿದೆ. ಅದಕ್ಕೊಂದು ಮೇರೆಯಿದೆಯೆಂಬುದೂ ಗೊತ್ತಾಗಿದೆ. ಆರಂಭದ ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಕೆಲವು ವಾರಗಳಲ್ಲಿ ಆಕಾಶದ ಚಿತ್ರವೇ ಬೇರೆಯಾಗುತ್ತದೆಂದು ಅಮೇರಿಕದ ಲೊರೆಂಜ್ 1963ರಲ್ಲಿ ತೋರಿಸಿದ. 2002ರಲ್ಲಿ ಇಲಾಖೆ ಸಾಧಾರಣ ಮಳೆಯನ್ನು ಹೇಳಿತ್ತು. ಜುಲೈ ತಿಂಗಳಲ್ಲಿ ದೇಶಕ್ಕೆ ಬರಬೇಕಾದ ಮಳೆಯ ಅರ್ಧದಷ್ಟೂ ಬೀಳಲಿಲ್ಲ. ಇದಕ್ಕಾಗಿ ವಿಜ್ಞಾನಿಗಳನ್ನು ಹಳಿಯುವುದು ಸಲ್ಲದು. ಮೈಲಾರದ ಕಾರಣಿಕವನ್ನು ತಮತಮಗೆ ಬೇಕಾದಂತೆ ಬಿಡಿಸಿಕೊಳ್ಳುವ ಜನ ನಾವು. ನೂರಕ್ಕೆ ಇಷ್ಟು ಪಾಲು ಸಂಭವವೆಂದು ನೇರವಾಗಿ ಹೇಳುವವರ ಪ್ರಾಮಾಣಿಕತೆ ನಮಗೆ ರುಚಿಸುವುದು ಕಷ್ಟ.

ಎರಡನೆಯದು 1880ರ ದಶಕದ ಕ್ಷಾಮ ಸಂಹಿತೆಗಳು. ಇವನ್ನು ಬರೆದವರ ಮೇಲೆ ನನಗೆ ಪ್ರೀತಿಯಿಲ್ಲ. ಆದರೆ ಒಂದು ವಿಷಯದಲ್ಲಿ ಅವರ ಕಣ್ಣು ಸೂಕ್ಷ್ಮವಾಗಿತ್ತು. ಬರ ಬರುತ್ತಿದೆಯೆಂದು ಹೇಗೆ ತಿಳಿಯಬೇಕೆಂಬ ಪ್ರಶ್ನೆಗೆ ಅವರು ಮುಗಿಲನ್ನಷ್ಟೇ ನೋಡಲಿಲ್ಲ, ಮನುಷ್ಯರನ್ನು ನೋಡಿದರು. ಕಾಳಿನ ಬೆಲೆ ಏರುವುದು, ಸಾಲ ಹುಟ್ಟದಿರುವುದು, ಭಿಕ್ಷೆ ನಿಲ್ಲುವುದು, ಸಣ್ಣ ಕಳವು ಹೆಚ್ಚುವುದು, ಜನ ದನಗಳೊಡನೆ ಗೊತ್ತುಗುರಿಯಿಲ್ಲದೆ ಅಲೆಯುವುದು, ಇವು ಅವರು ಎಣಿಸಿದ ಉತ್ಪಾತಗಳು. ಊಟವಿಲ್ಲದ್ದರಿಂದಲ್ಲ, ಕೊಳ್ಳುವ ಶಕ್ತಿಯಿಲ್ಲದ್ದರಿಂದ ಜನ ಸಾಯುತ್ತಾರೆಂದು ಅಮರ್ತ್ಯ ಸೇನರು 1981ರಲ್ಲಿ ಸಿದ್ಧಾಂತವಾಗಿ ನಿಲ್ಲಿಸಿದ ವಿಚಾರದ ಬೀಜಗಳು ಆ ಪಟ್ಟಿಯಲ್ಲಿವೆ.

ಇಂದು ನಾವು ಹಸಿವಿನಿಂದ ಸಾಯುವುದಿಲ್ಲ. ಪಡಿತರವಿದೆ, ಉದ್ಯೋಗ ಖಾತರಿ ಬಂದಿದೆ, ಟ್ಯಾಂಕರು, ಗೋಶಾಲೆಗಳಿವೆ. ಬರದ ಉಸ್ತುವಾರಿಗೆಂದೇ ಪ್ರತ್ಯೇಕ ಘಟಕವನ್ನು 1988ರಲ್ಲಿ ದೇಶದಲ್ಲಿಯೇ ಮೊದಲಿಗೆ ತೆರೆದದ್ದು ಕರ್ನಾಟಕ; ಈಗ ಗ್ರಾಮ ಪಂಚಾಯತಿಗೊಂದು ಮಳೆಮಾಪಕ ನಿಂತು ತಾನಾಗಿಯೇ ಬೆಂಗಳೂರಿಗೆ ವರದಿ ಕಳಿಸುತ್ತದೆ. ಇದನ್ನು ನಾನು ಕಡೆಗಣಿಸಲಾರೆ. ಆದರೆ 2023ರಲ್ಲಿ ಆದದ್ದನ್ನು ನೋಡಿ. ಆ ಆಗಸ್ಟ್ ದೇಶಕ್ಕೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್. ಸೆಪ್ಟೆಂಬರಿನಲ್ಲಿ ರಾಜ್ಯ 195 ತಾಲೂಕುಗಳನ್ನು ಬರಪೀಡಿತವೆಂದು ಸಾರಿತು. ಮುಂದೆ ಅದು 236ರಲ್ಲಿ 223ಕ್ಕೆ ಏರಿತು. ರಾಜ್ಯ ಕೇಂದ್ರದಿಂದ 18,171 ಕೋಟಿ ರೂಪಾಯಿ ಬೇಡಿತು. ತಂಡ ಬಂದು ನೋಡಿತು, ಮನವಿಗಳು ಹೋದವು, ಮಾರ್ಚಿನಲ್ಲಿ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. 2024ರ ಏಪ್ರಿಲ್ ಕೊನೆಗೆ ಬಂದದ್ದು 3,454 ಕೋಟಿ. ಯಾರ ಲೆಕ್ಕ ಸರಿ, ಯಾರದು ತಪ್ಪು ಎಂಬ ವಾದಕ್ಕೆ ನಾನು ಹೋಗೆನು. ಸೆಪ್ಟೆಂಬರಿನಿಂದ ಏಪ್ರಿಲಿನವರೆಗೆ ಏಳು ತಿಂಗಳು. ಮುಂದರಿವು ನಮಗೆ ಕೊಟ್ಟಿದ್ದ ವೇಳೆಯಷ್ಟೂ ಕಾಗದದ ಮೇಲೆ ಕಳೆಯಿತು. ಭೂಕಂಪದ ಬಗ್ಗೆ ವಿಜ್ಞಾನಕ್ಕೆ ಇನ್ನೂ ಸಿಗದ ವರವನ್ನು ಬರದ ವಿಷಯದಲ್ಲಿ ನಾವು ಕೈಯಾರೆ ಚೆಲ್ಲಿದೆವು.

ಈ ಏಳು ತಿಂಗಳಲ್ಲಿ ಒಂದು ಮನೆಯೊಳಗೆ ಏನಾಗುತ್ತದೆ? ಇಲ್ಲಿ ಹೊಸ ಶಾಸ್ತ್ರದ ಒಂದು ಮಾತು ನನಗೆ ಬಹಳ ಹಿಡಿಸಿತು. ಡಚ್ ವಿದ್ವಾಂಸ ಮಾರ್ಟನ್ ಶೆಫರ್ ಮತ್ತು ಸಂಗಡಿಗರು 2009ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನದ ಸಾರ ಇದು: ಕೆರೆಯಾಗಲಿ, ಮಿದುಳಾಗಲಿ, ಮಾರುಕಟ್ಟೆಯಾಗಲಿ, ಮುರಿಯುವ ಹಂತಕ್ಕೆ ಬಂದಾಗ ಸಣ್ಣ ಪೆಟ್ಟಿನಿಂದಲೂ ಚೇತರಿಸಿಕೊಳ್ಳಲು ಮೊದಲಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಪೆಟ್ಟಿನ ದೊಡ್ಡಸ್ತಿಕೆಯಲ್ಲಿ ಸೂಚನೆಯಿಲ್ಲ, ಚೇತರಿಕೆಯ ನಿಧಾನದಲ್ಲಿದೆ. ಇಂಡಿಯ ನಿಂಬೆ ಬೆಳೆಗಾರನಿಗೆ ಇದನ್ನು ವಿವರಿಸಬೇಕಾಗಿಲ್ಲ. ಜೋಳ ಹೋದರೆ ಬರುವ ವರ್ಷ ಬಿತ್ತಬಹುದು. ನಿಂಬೆಯ ಗಿಡ ಒಣಗಿದರೆ ಹೊಸದು ಫಲಕ್ಕೆ ಬರಲು ನಾಲ್ಕೈದು ವರ್ಷ. ಟ್ಯಾಂಕರಿನ ನೀರು ಕೊಂಡು ಗಿಡ ಉಳಿಸಿದವನ ಸಾಲ ಗಿಡಕ್ಕಿಂತ ಬೇಗ ಬೆಳೆಯುತ್ತದೆ. ಹಿಂದೆ ಹಗೇವಿನಲ್ಲಿ ಎರಡು ವರ್ಷದ ಜೋಳವಿರುತ್ತಿತ್ತು, ಬಣವೆಯಲ್ಲಿ ಕಣಿಕೆಯಿರುತ್ತಿತ್ತು. ಒಂದು ಬರ ಒಂದು ವರ್ಷದ್ದಾಗಿರುತ್ತಿತ್ತು. ಈಗ ಮಳೆ ಮರಳಿ ಬಂದ ಮೇಲೆಯೂ ಎತ್ತು ಮರಳುವುದಿಲ್ಲ. ಉಸ್ತುವಾರಿ ಕೇಂದ್ರದ ನಕ್ಷೆಯಲ್ಲಿ ಹಸಿರು ಬಣ್ಣ ಬಂದಿರುತ್ತದೆ. ಓಣಿಯಲ್ಲಿ ಬೀಗ ಹಾಗೆಯೇ ತೂಗುತ್ತಿರುತ್ತದೆ.

ಹಲಸಂಗಿಯ ಗೆಳೆಯರನ್ನು ಇಲ್ಲಿ ನೆನೆಯಬೇಕು. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಅವರ ಸಂಗಡಿಗರು ವಿದ್ವತ್ತು ಎಂದೂ ಹುಡುಕದಿದ್ದ ಕಡೆ, ಬೀಸುವ ಕಲ್ಲಿನ ಮುಂದೆ, ಕುಳಿತು ಕೇಳಿದರು. 1931ರಲ್ಲಿ ‘ಗರತಿಯ ಹಾಡು’ ಹೊರಬಂದಿತು. ಆ ಹೆಣ್ಣುಮಕ್ಕಳು ಹಾಡುತ್ತಿರಲಿಲ್ಲವೆಂದಲ್ಲ, ಕೇಳಿ ಬರೆದುಕೊಳ್ಳುವವರಿರಲಿಲ್ಲ. ಬರದ ವಿಷಯದಲ್ಲಿಯೂ ಸೂಚನೆ ಇಂಥ ಕಡೆಗಳಲ್ಲಿಯೇ ಬಿದ್ದಿರುತ್ತದೆ. ಹದಿನೆಂಟು ವರ್ಷಗಳಿಂದ ಹಾಜರಿ ಕೂಗುತ್ತಿರುವ ನಾನು ಕಂಡ ಕ್ರಮವನ್ನು ಹೇಳುವೆ. ಮಳೆ ಹೋದ ವರ್ಷ ದೀಪಾವಳಿಯ ನಂತರ ಹಿಂದಿನ ಸಾಲಿನ ಹುಡುಗರು ಕಡಿಮೆಯಾಗುತ್ತಾರೆ. ಕಬ್ಬು ಕಡಿಯಲು ಗಡಿಯಾಚೆಗೋ, ಗೋವೆಗೋ, ಬೆಂಗಳೂರಿನ ಕಟ್ಟಡಗಳಿಗೋ ಗುಳೆ ಹೋದ ಮನೆಯವರೊಡನೆ ಹೋಗಿರುತ್ತಾರೆ. ಮೊದಲ ಬರದಲ್ಲಿ ಅವರು ಪರೀಕ್ಷೆಗೆ ಬರುತ್ತಾರೆ. ಬೆನ್ನಿಗೆ ಇನ್ನೊಂದು ಬರ ಬಂದರೆ ಪರೀಕ್ಷೆಯ ಶುಲ್ಕ ಕಟ್ಟಿ ಬರುವುದಿಲ್ಲ. ಆಮೇಲೆ ಮಳೆ ಚೆನ್ನಾಗಿ ಬಂದ ವರ್ಷವೂ ತಮ್ಮಂದಿರ ಹೆಸರು ಪಟ್ಟಿಯಲ್ಲಿ ಕಾಣುವುದಿಲ್ಲ. ತಂಗಿಯರ ಲಗ್ನಪತ್ರಿಕೆ ಬರುತ್ತದೆ. ಶೆಫರ್ ಗಣಿತದಲ್ಲಿ ಹೇಳಿದ್ದು ಇದನ್ನೇ.

ಇದಕ್ಕೆ ಹೊಸ ಯಂತ್ರವನ್ನು ತರಿಸಬೇಕಾಗಿಲ್ಲ. 2002ರಲ್ಲಿ ನಮ್ಮ ಭಾಗದ ಶಾಲೆಗಳಲ್ಲಿ ಬಿಸಿಯೂಟ ಆರಂಭವಾದಾಗಿನಿಂದ, ದಿನಕ್ಕೆ ಎಷ್ಟು ಮಕ್ಕಳು ಉಂಡರೆಂಬ ಲೆಕ್ಕವನ್ನು ಪ್ರತಿ ಊರಿನ ಮುಖ್ಯೋಪಾಧ್ಯಾಯರು ಬರೆದಿಡುತ್ತಾರೆ. 2024ರ ಬೇಸಿಗೆಯ ರಜೆಯಲ್ಲಿ ಬರಪೀಡಿತ ತಾಲೂಕುಗಳ ಶಾಲೆಗಳು ಊಟಕ್ಕೆಂದೇ ತೆರೆದಿದ್ದವು. ಆ ಬಿಸಿಲಲ್ಲಿ ತಟ್ಟೆ ಹಿಡಿದು ಯಾರು ಬಂದರು, ನವೆಂಬರಿನಲ್ಲಿದ್ದವರಲ್ಲಿ ಯಾರು ಬರಲಿಲ್ಲ ಎಂಬುದು ಊರೂರಿನ ಪುಸ್ತಕದಲ್ಲಿದೆ. ಆ ಅಂಕೆಗಳು ತಾಲೂಕಿನ ಕಚೇರಿಗೆ ಹೋಗುತ್ತವೆ. ಅಲ್ಲಿ ಅವುಗಳಿಂದ ಅಕ್ಕಿಯ, ಬೇಳೆಯ, ಎಣ್ಣೆಯ ಲೆಕ್ಕ ಹಾಕುತ್ತಾರೆ.