ಬುಟ್ಟಿ ಹೆಣೆಯುವ ಕೈಗೆ ಬಿದಿರೆಷ್ಟು?

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸಂತೆಗಳಲ್ಲಿ ಬುಟ್ಟಿ-ಮೊರ ಮಾರುವ ಮೇದಾರರ ಪರವಾಗಿ ನಾವು ಕೇಳುತ್ತೇವೆ: ಕಾಡು ಯಾರಪ್ಪಂದು?

ಎಪ್ಪತ್ತರ ದಶಕದಲ್ಲಿ ದಾಂಡೇಲಿ ಕಾಗದ ಕಾರ್ಖಾನೆಗೆ ಬಿದಿರು ಟನ್ನಿಗೆ ಒಂದೂವರೆ ರೂಪಾಯಿ, ಮೇದಾರರಿಗೆ 1500! ಬುಟ್ಟಿಯವರು ಕೂಗೆದ್ದ ಮೇಲೆ 1975ರಲ್ಲಿ ಸರಕಾರ ವಿಜ್ಞಾನಿ ಮಾಧವ ಗಾಡ್ಗೀಳರನ್ನು ಅಧ್ಯಯನಕ್ಕೆ ಹಚ್ಚಿತು. ಮೆಳೆ ಹುಲುಸಾಗಲೆಂದು ಇಲಾಖೆಯವರು ಬುಡದ ಮುಳ್ಳು ಸವರಿಸುತ್ತಿದ್ದರು. ಮುಳ್ಳು ಹೋದರ ಎಳೆ ಕಳಲೆ ದನದ ಪಾಲು ಅಂತ ಹಳ್ಳಿಯವರು ಹೇಳಿದ್ದರು. ಗಾಡ್ಗೀಳರು ಕಾಡು ಹೊಕ್ಕು ಅಳೆದು ನೋಡಿದರು. ಹಳ್ಳಿಯವರ ಮಾತೇ ಖರೆ. ಇಲಾಖೆಯ ಬಿದಿರಿನ ಲೆಕ್ಕವೂ ಉಬ್ಬಿಸಿದ್ದೇ. ಅಕ್ಷರ ಬಾರದವರ ಅರಿವಿಗೆ ಓದಿದವರ ಸಹಿ ಬೇಕಾಯ್ತು ನೋಡಿ!

2006ರ ಅರಣ್ಯ ಹಕ್ಕು ಕಾಯ್ದೆ ಬಿದಿರಿನ ಹಕ್ಕು ಕೊಟ್ಟದ್ದು ಕಾಡಿನವಾಸಿಗಳಿಗೆ. ಸಂತೆಯ ಮೇದಾರನಿಗೆ? ಅರಣ್ಯ ಯೋಜನೆ ಬರೆಯುವಾಗ ಅವನನ್ನೂ ಕರೆದು ಕೂರಿಸಿ. ಅವನ ಪಾಲಿನ ಬಿದಿರು ಮೊದಲು ಬರೆಯಿರಿ, ಉಳಿದವರದು ಆಮೇಲೆ.